ಎದ್ದು ಕಾಣುವ ಜಾಗದಲ್ಲಿ

ಫೆಬ್ರವರಿ ೩

ಇವಳು ಇಂದು ಈ ಪುಸ್ತಕವನ್ನು ಕೌಂಟರಿನ ಮೇಲೆ ಎಸೆದು, "ರೀ, ನನ್ನ ಕಿವಿಗೂ ಒಂದು ರಜ ಬೇಡ್ವಾ? ಬೈಯೋದಿದ್ರೆ ಇದರಲ್ಲಿ ಬೈಕೊಳ್ಳಿ. ಕಾಗದಕ್ಕೆ ಬಿಪಿ ಬರಲ್ಲ," ಎಂದಳು. ಸರಿ. ಕಟ್ಟಿಕೊಂಡ ಹೆಂಡತಿಯೇ ಕೇಳುವುದಿಲ್ಲ ಎಂದ ಮೇಲೆ ಕಾಗದಕ್ಕೇ ಹೇಳುತ್ತೇನೆ.

ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಬಂದಳು. ನಮ್ಮ ಮುಂಬಾಗಿಲಿಗೆ ಅವಳಿಗಿಂತ ಜಾಸ್ತಿ ವಯಸ್ಸು. ಎದುರಿನ ಆಸ್ಪತ್ರೆಯಲ್ಲಿ ಯಾರನ್ನೋ ಸೇರಿಸಿ ರೂಮು ಕೇಳಲು ಬಂದಿದ್ದಾಳೆ ಎಂದುಕೊಂಡೆ. ನಮ್ಮ ವಸತಿಗೃಹಕ್ಕೆ ಬರುವವರೆಲ್ಲ ಅವರೇ ತಾನೆ. ಪಾಪ ಎಂದುಕೊಂಡು ಮನಸ್ಸಿನಲ್ಲೇ ಕಡಿಮೆ ದರ ಹಾಕಿಟ್ಟಿದ್ದೆ. ಅವಳು ಕುತ್ತಿಗೆಗೆ ನೇತುಹಾಕಿದ್ದ ಗುರುತಿನ ಚೀಟಿ ತೋರಿಸಿದಳು. ತಪಾಸಣೆ ಇಲಾಖೆ!

"ದರಪಟ್ಟಿ ಎಲ್ಲಿ ಸರ್?"

"ನನ್ನ ತಲೆಯಲ್ಲಿದೆ."

"ಬಂದವರು ನಿಮ್ಮ ತಲೆ ಓದೋಕಾಗಲ್ವಲ್ಲ."

ಬಾಗಿಲು ದಾಟಿದವರಿಗೆ ಎದ್ದು ಕಾಣುವ ಜಾಗದಲ್ಲಿ ಒಂದು ಫಲಕ, ಪ್ರತಿ ಕೋಣೆಯ ಒಳಗೆ ಒಂದು ಹಾಳೆ. ತೆರಿಗೆ ಸೇರಿಸಿ ಒಟ್ಟು ದರ. ಹೆಚ್ಚಿನ ಹಾಸಿಗೆಗೋ ಬಿಸಿನೀರಿಗೋ ಬೇರೆ ದುಡ್ಡು ತೆಗೆದುಕೊಳ್ಳುವುದಾದರೆ ಅದೂ ಅಲ್ಲೇ ಇರಬೇಕು. ಇಷ್ಟು ಹೇಳಿ ಚೀಲದಿಂದ ಟೇಪು ತೆಗೆದು ನನ್ನ ಗೋಡೆಯನ್ನೇ ಅಳೆದಳು. ಅಕ್ಷರ ಎಷ್ಟು ಎತ್ತರ ಇರಬೇಕೆಂಬುದಕ್ಕೂ ನಿಯಮವಿದೆಯಂತೆ! ತಿಂಗಳ ಕೊನೆಯೊಳಗೆ ಆಗದಿದ್ದರೆ ದಂಡ. ಹೋಗುವಾಗ "ಬರ್ತೀನಿ ಸರ್" ಎಂದು ನಗುತ್ತಲೇ ಹೇಳಿದಳು. ನಗು ನೋಡಿ ಇನ್ನಷ್ಟು ಉರಿಯಿತು. ಇನ್ನು ಮೇಲೆ ಅವಳ ಹೆಸರು ಟೇಪಮ್ಮ.

ಮುಖ ನೋಡಿ ಮಣೆ ಹಾಕುವುದೇ ನಮ್ಮ ಕಸುಬು. ಬಂದವರ ಚಪ್ಪಲಿ, ಚೀಲ, ನಿಂತ ರೀತಿ ನೋಡಿದರೆ ಸಾಕು, ದರ ತಾನಾಗಿ ಬಾಯಿಗೆ ಬರುತ್ತದೆ. ಇಲ್ಲದವರಿಗೆ ಇಳಿಸುತ್ತೇನೆ, ಇದ್ದವರಿಗೆ ಏರಿಸುತ್ತೇನೆ. ಇದಕ್ಕಿಂತ ನ್ಯಾಯ ಯಾವ ಕಾನೂನಿನಲ್ಲಿದೆ? ಗೋಡೆಗೆ ಕರುಣೆ ಇದೆಯೇ?

ಫೆಬ್ರವರಿ ೪

ಅಣ್ಣನ ಹತ್ತಿರ ಹೋಗಿದ್ದೆ. ಬೀದಿಯ ಮೂಲೆಯಲ್ಲಿ ಅವನ ನಲವತ್ತು ಕೋಣೆಯ ಹೋಟೆಲು, ಮಧ್ಯದಲ್ಲಿ ನನ್ನ ಒಂಬತ್ತು. ಹೋಟೆಲು ಮಾಲೀಕರ ಸಂಘಕ್ಕೂ ಅವನೇ ಅಧ್ಯಕ್ಷ. ಅಪ್ಪ ಸತ್ತ ಮೇಲೆ ನನ್ನನ್ನು ಮನುಷ್ಯ ಮಾಡಿದವನು ಅವನು. ಈ ಕಟ್ಟಡ ಕೊಡಿಸಿದ್ದೂ ಅವನೇ. ಇಂದಿಗೂ ನಮ್ಮ ಹಾಸಿಗೆಯ ಹೊದಿಕೆಗಳೆಲ್ಲ ಒಗೆಯುವುದು ಅವನ ಯಂತ್ರದಲ್ಲಿ. ಅವನಲ್ಲಿ ಜಾಗ ಇಲ್ಲದಾಗ ಜನ ಬರುವುದು ನಮ್ಮಲ್ಲಿಗೆ.

ಕೂತಲ್ಲಿಂದ ತಲೆ ಎತ್ತದೆ ಹೇಳಿದ: "ಸಂಘ ನೋಡ್ಕೊಳ್ಳುತ್ತೆ. ನಾನು ಹೇಳೋವರೆಗೆ ನೀನು ಏನೂ ಹಾಕಬೇಡ. ಒಬ್ಬ ಬಗ್ಗಿದ್ರೆ ಎಲ್ಲರ ಬೆನ್ನ ಮೇಲೂ ಹತ್ತುತ್ತಾರೆ."

"ನಿನ್ನ ಹತ್ತಿರ ಬಂದಿರಲಿಲ್ವಾ ಅಣ್ಣ?"

ಗಹಗಹಿಸಿ ನಕ್ಕ. ಅವನ ಕೌಂಟರಿನ ಪಕ್ಕ ಆಳೆತ್ತರದ ಗಿಡದ ಕುಂಡವಿದೆ. ಫಲಕ ಅದರ ಹಿಂದೆ. "ಹಾಕಿಲ್ಲ ಅನ್ನೋ ಹಾಗಿಲ್ಲ. ಎಲೆ ಸರಿಸಿದ್ರೆ ಕಾಣುತ್ತೆ."

ಬುದ್ಧಿ ಎಂದರೆ ಅದು. ನಾನೂ ನಕ್ಕೆ. ಮುಕ್ಕಾಲು ಗಂಟೆ ನಿಂತೇ ಇದ್ದುದರಿಂದ ಮನೆಗೆ ಬರುವಾಗ ಮೊಣಕಾಲು ನೋಯುತ್ತಿತ್ತು. ಆ ಟೇಪಮ್ಮನಿಂದಲೇ ಇಷ್ಟೆಲ್ಲ.

ಫೆಬ್ರವರಿ ೧೧

ನಾಲ್ಕನೇ ಕೋಣೆಯವನೂ ಆರನೇ ಕೋಣೆಯವನೂ ನಲ್ಲಿಯ ಹತ್ತಿರ ಹಲ್ಲುಜ್ಜುತ್ತಾ ಮಾತಿಗಿಳಿದಿದ್ದಾರೆ. ನೀವೆಷ್ಟು ಕೊಟ್ರಿ, ನಾವಿಷ್ಟು ಕೊಟ್ವಿ. ಆರನೆಯವನು ಬಾಯಿಯ ನೊರೆ ಒರೆಸಿಕೊಳ್ಳದೆ ಬಂದು ಕೌಂಟರು ಗುದ್ದಿದ.

"ಅದೇ ಮಂಚ, ಅದೇ ಸೊಳ್ಳೆ! ನನ್ನ ಮುಖದಲ್ಲಿ ಏನಿತ್ತು ಸ್ವಾಮಿ ಇನ್ನೂರು ಜಾಸ್ತಿ?"

ಒಳ್ಳೆಯ ಕೋಟು ಹಾಕಿದ್ದ, ಅದಕ್ಕೇ ಹೇಳಿದ್ದೆ. ಹಾಗೆಂದು ಬಾಯಿಬಿಟ್ಟು ಹೇಳಲಾಗುತ್ತದೆಯೇ? ಕೋಣೆಯಲ್ಲಿ ಗಾಳಿ ಚೆನ್ನಾಗಿದೆ ಎಂದೆ. ಅವನು, "ತಂಗೀನ ಆಪರೇಷನ್‌ಗೆ ಕರ್ಕೊಂಡು ಬಂದಿದೀನಿ. ಭಾವನ ಕೋಟು ಇದು," ಎಂದು ಹೇಳಿ ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟ.

ಇನ್ನೂರು ವಾಪಸು ಕೊಟ್ಟೆ. ಮುಖಕ್ಕೆ ಎಸೆಯಬೇಕೆನ್ನಿಸಿತ್ತು, ಕೈಗೇ ಕೊಟ್ಟೆ. ಭಾವನ ಕೋಟು ಹಾಕಿಕೊಂಡು ಬಂದರೆ ನನಗೆ ಹೇಗೆ ಗೊತ್ತಾಗಬೇಕು!

ಫೆಬ್ರವರಿ ೧೨

ಇವಳು ಕೋಟಿನ ಕಥೆಗೆ ಇನ್ನೂ ನಗುತ್ತಿದ್ದಾಳೆ. ಇವಳಿಗೂ ಬೇರೆ ಪುಸ್ತಕ ತಂದುಕೊಡಬೇಕು, ಅದರಲ್ಲಿ ನಗಲಿ.

ಫೆಬ್ರವರಿ ೨೨

ನನ್ನನ್ನು ಒಂದು ಮಾತೂ ಕೇಳದೆ ಇವಳು ಬೋರ್ಡು ಬರೆಯುವವನಿಗೆ ಹೇಳಿಕಳಿಸಿದ್ದಾಳೆ. ಅವನು ಬಣ್ಣದ ಡಬ್ಬಿ ತೆರೆದು, ಕುಂಚ ಅದ್ದಿ, "ಎಷ್ಟಂತ ಬರೀಲಿ?" ಎಂದ.

ಅಲ್ಲಿಯೇ ಸಿಕ್ಕಿಬಿದ್ದೆವು. ಇಪ್ಪತ್ತು ವರ್ಷ ಈ ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದೇವೆ, ಒಂದು ಕೋಣೆಗೆ ಎಷ್ಟು ಎಂಬುದು ನಮ್ಮಿಬ್ಬರಿಗೂ ಗೊತ್ತಿಲ್ಲ. ನಾನು ಹೇಳಿದ್ದು ಇವಳಿಗೆ ದುಬಾರಿ, ಇವಳು ಹೇಳಿದ್ದು ನನಗೆ ದಾನ. ಬಣ್ಣದವನು ಕುಂಚ ಹಿಡಿದುಕೊಂಡು ಇಬ್ಬರ ಬಾಯನ್ನೂ ಸರದಿಯಲ್ಲಿ ನೋಡಿದ. ಕುಂಚ ಒಣಗುತ್ತೆ ಯಜಮಾನ್ರೇ ಎಂದು ಎರಡು ಸಲ ನೆನಪಿಸಿದ.

ಕೊನೆಗೆ ಇವಳು, "ನಾಚಿಕೆ ಇಲ್ಲದೆ ಹತ್ತು ಜನರ ಮುಂದೆ ಗಟ್ಟಿಯಾಗಿ ಹೇಳೋಕಾಗೋ ದರ ಯಾವುದು? ಅದನ್ನ ಹೇಳಿ," ಎಂದಳು.

ಕೋಪದಲ್ಲಿ ಒಂದು ಸಂಖ್ಯೆ ಹೇಳಿದೆ. ಅದನ್ನೇ ಬರೆದುಬಿಟ್ಟ. ಬಿಳಿಯ ಹಲಗೆ, ಕಪ್ಪು ಅಕ್ಷರ. ಅಕ್ಷರವೇನೋ ದುಂಡಗಿದೆ. ಅಣ್ಣನಿಗೆ ಏನು ಹೇಳಲಿ?

ಫೆಬ್ರವರಿ ೨೪

ಹೇಳುವ ಮೊದಲೇ ಅಣ್ಣನಿಗೆ ತಲುಪಿದೆ. ಫೋನಿನಲ್ಲಿ ಒಂದೇ ಮಾತು: "ಹೆಂಡತಿ ಹೇಳಿದ್ದಕ್ಕೆಲ್ಲ ತಲೆ ಆಡಿಸೋಕೆ ನೀನೇನು ತಕ್ಕಡೀನಾ?" ಇಟ್ಟುಬಿಟ್ಟ. ಆ ಸಿಟ್ಟನ್ನು ಇವಳ ಮೇಲೆ ತೀರಿಸಿಕೊಂಡೆ. ಊಟದಲ್ಲಿ ಉಪ್ಪಿರಲಿಲ್ಲ, ಬೇಕೆಂದೇ ಮಾಡಿದ್ದು.

ಮಾರ್ಚ್ ೨

ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಒಳಗೆ ಬರುತ್ತಾರೆ, ತಲೆ ಎತ್ತುತ್ತಾರೆ, ಓದುತ್ತಾರೆ, ದುಡ್ಡು ಇಟ್ಟು ಕೀಲಿ ತೆಗೆದುಕೊಂಡು ಹೋಗುತ್ತಾರೆ. ಮೊದಲು ಒಂದೊಂದು ಕೋಣೆಗೂ ಒಂದೊಂದು ಕಥೆ ಇತ್ತು. ಗೋಗರೆಯುತ್ತಿದ್ದರು, ನಾನು ಬಿಗಿಯುತ್ತಿದ್ದೆ, ಆಮೇಲೆ ಕರಗುತ್ತಿದ್ದೆ. "ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ" ಎಂದು ಕೈ ಹಿಡಿದುಕೊಳ್ಳುತ್ತಿದ್ದರು. ಈಗ ಉಪಕಾರವೆಲ್ಲ ಹಲಗೆಗೆ.

ಇಂದು ಒಬ್ಬ ಮುದುಕಿ ಬಾಗಿಲಲ್ಲೇ ನಿಂತು ಓದಿ, ಒಂದು ಮಾತೂ ಆಡದೆ ತಿರುಗಿ ಹೋದಳು. ಓಡಿಹೋಗಿ ಕರೆದೆ. ಬರಲಿಲ್ಲ. "ಬರೆದಿದ್ದೀರಲ್ಲಪ್ಪ, ಕೇಳೋದು ಹೇಗೆ?" ಎಂದಳು. ನೋಡಿ ನಿಮ್ಮ ಕಾನೂನು!

ಟೇಪಮ್ಮ ಮಧ್ಯಾಹ್ನ ಬಂದಾಗ ಇದನ್ನೇ ಹಿಡಿದುಕೊಂಡು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ಅವಳು ಅಕ್ಷರ ಅಳೆಯುತ್ತಾ ಕೇಳಿಸಿಕೊಂಡು, "ಸರ್, ಬರೆದಿದ್ದಕ್ಕಿಂತ ಹೆಚ್ಚು ತಗೋಬಾರದು, ಅಷ್ಟೇ. ಕಡಿಮೆ ತಗೊಳ್ಳಿ. ಅದಕ್ಕೆ ಯಾರು ಬೇಡ ಅಂದ್ರು?" ಎಂದಳು.

ಇದನ್ನು ಮೊದಲೇ ಹೇಳಬೇಕೋ ಬೇಡವೋ? ಜಗಳ ಅರ್ಧದಲ್ಲೇ ನಿಂತುಹೋಯಿತು. ಬಣ್ಣದವನನ್ನು ಆಗಲೇ ಕರೆಸಿ ಬೋರ್ಡಿನ ಕೆಳಗೆ "ಕಷ್ಟವಿದ್ದವರು ಕೇಳಿ" ಎಂದು ಇನ್ನೊಂದು ಸಾಲು ಬರೆಸಿದೆ. ಅದಕ್ಕೂ ಅವಳು ಟೇಪು ಹಿಡಿದಳು.

ಮಾರ್ಚ್ ೯

ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದಿದೆ. ಬೆಳಿಗ್ಗೆಯಿಂದ ಆಂಬುಲೆನ್ಸಿನ ಕೂಗು ನಿಂತಿಲ್ಲ. ಆಸ್ಪತ್ರೆಯ ಮುಂದೆ ಜನ, ಬೀದಿಯ ತುಂಬ ಜನ. ನಮ್ಮ ಒಂಬತ್ತು ಕೋಣೆ ಹತ್ತು ಗಂಟೆಯೊಳಗೆ ತುಂಬಿತು. ಪಡಸಾಲೆಯಲ್ಲಿ ಚಾಪೆ ಹಾಸಿದ್ದೇವೆ. ಇವಳು ಟೀ ಕಾಯಿಸುತ್ತಲೇ ಇದ್ದಾಳೆ. ಬರೆಯಲು ಪುರುಸೊತ್ತಿಲ್ಲ.

ಮಾರ್ಚ್ ೧೦

ಅಣ್ಣ ಫೋನು ಮಾಡಿದ. "ಬೋರ್ಡು ಇಳಿಸು. ಬೀದೀಲಿ ಎಲ್ಲರೂ ಮೂರು ಪಟ್ಟು ತಗೋತಿದ್ದಾರೆ. ನೀನೊಬ್ಬ ಹಳೇ ದರ ಹಿಡ್ಕೊಂಡು ಕೂತ್ರೆ ನಮ್ಮನ್ನ ಕಳ್ಳರು ಅಂತಾರೆ."

ಆಗಲಿ ಅಣ್ಣ ಎಂದೆ. ಅಣ್ಣನ ಮಾತು ತೆಗೆದುಹಾಕುವುದು ನನ್ನ ಜಾಯಮಾನವಲ್ಲ. ಸ್ಟೂಲು ಹಾಕಿ, ಸ್ಕ್ರೂಡ್ರೈವರು ಹಿಡಿದು ಹತ್ತಿದೆ. ಕೆಳಗೆ ಚಾಪೆಯ ಮೇಲೆ ಕುಳಿತವರೆಲ್ಲ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದರು. ಒಬ್ಬನ ಅಂಗಿಗೆ ಮಸಿ ಮೆತ್ತಿತ್ತು. ಕಾರ್ಖಾನೆಯಿಂದ ನೇರ ಬಂದವನು.

ಸ್ಕ್ರೂ ಬರಲಿಲ್ಲ. ತುಕ್ಕು ಹಿಡಿದಿರಬೇಕು. ಇಳಿದೆ.

ಮಾರ್ಚ್ ೧೧

ಇವಳು ಅದೇ ಸ್ಕ್ರೂಡ್ರೈವರಿನಲ್ಲಿ ಐದನೇ ಕೋಣೆಯ ಚಿಲಕ ಬಿಚ್ಚಿ ಸರಿಮಾಡಿದಳು. ಅದು ಬೇರೆ ನಮೂನೆಯ ಸ್ಕ್ರೂ.

ಮಾರ್ಚ್ ೧೨

ಕೈಯ ಮಣ್ಣನ್ನೂ ತೊಳೆಯದೆ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟರೆ ಕೆಡಲಿ.

ಬೆಳಿಗ್ಗೆ ನಮ್ಮ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕುಳಿತಿದ್ದಳು. ಬಾಯ್ಲರಿನ ಹತ್ತಿರ ಕೆಲಸ ಮಾಡುತ್ತಿದ್ದವನ ಹೆಂಡತಿ. ಎರಡು ದಿನ ಅಣ್ಣನ ಹೋಟೆಲಿನಲ್ಲಿದ್ದಳಂತೆ. ಕೋಣೆ ಬಿಡುವಾಗ ಮೂರು ಪಟ್ಟು ಕೇಳಿದ್ದಾರೆ. ಇದ್ದಷ್ಟು ಕೊಟ್ಟಿದ್ದಾಳೆ, ಸಾಲಲಿಲ್ಲ. ಉಳಿದದ್ದು ತಂದುಕೊಡು ಎಂದು ಅವಳ ಗುರುತಿನ ಚೀಟಿ ಇಟ್ಟುಕೊಂಡಿದ್ದಾರೆ.

"ಸ್ವಾಮಿ, ನಮ್ಮನೆಯವರ ಕೈ ತೆಗೀಬೇಕಂತೆ. ನಾನು ಸಹಿ ಹಾಕಬೇಕು. ಚೀಟಿ ಇಲ್ಲದೆ ಆಸ್ಪತ್ರೆಯವರು ಸಹಿ ತಗೊಳ್ತಿಲ್ಲ," ಎಂದಳು. ಅಳಲೂ ಇಲ್ಲ. ವಿಳಾಸ ಕೇಳುವವಳ ಹಾಗೆ ಹೇಳಿದಳು.

ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ಅವಳನ್ನು ಕರೆದುಕೊಂಡು ಅಣ್ಣನ ಹೋಟೆಲಿಗೆ ನುಗ್ಗಿದೆ. ಕೌಂಟರಿನಲ್ಲಿ ಮ್ಯಾನೇಜರು ಇದ್ದ. ನಾವೆಲ್ಲ ಅವನನ್ನು ಗಿಳಿ ಎನ್ನುತ್ತೇವೆ, ಹೇಳಿಕೊಟ್ಟದ್ದು ಬಿಟ್ಟು ಬೇರೆ ಮಾತು ಅವನಿಗೆ ಬರುವುದಿಲ್ಲ.

"ಆಕೆ ಚೀಟಿ ಕೊಡು."

"ಯಜಮಾನ್ರು ಹೇಳಿದ್ದಾರೆ..."

"ಯಾವ ದರ ತಗೊಂಡಿದೀಯ ಆಕೆ ಹತ್ತಿರ?"

"ಯಜಮಾನ್ರು ಹೇಳಿದ..."

ಕುಂಡವನ್ನು ಅಪ್ಪಿ ಹಿಡಿದು ಎಳೆದೆ. ಗಿಡ ಕುಂಡ ಸಮೇತ ಉರುಳಿತು, ಮಣ್ಣೆಲ್ಲ ಚೆಲ್ಲಿತು. ಫಲಕ ಹೊರಗೆ ಬಂತು. ನಾನು ಅದನ್ನು ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿದೆ. ಒಬ್ಬರ ಕೋಣೆ ಇಷ್ಟು, ಇಬ್ಬರ ಕೋಣೆ ಇಷ್ಟು, ಎಲ್ಲ ತೆರಿಗೆ ಸೇರಿ. ಹಜಾರದ ತುಂಬ ಕಾರ್ಖಾನೆಯವರ ಮನೆಯವರೇ ಇದ್ದರು.  ಒಬ್ಬ ಎದ್ದು ಗಿಳಿಯ ಮುಂದೆ ತನ್ನ ಬಿಲ್ಲು ಇಟ್ಟು, "ಇದೇನ್ರೀ ಹಾಗಾದ್ರೆ?" ಎಂದ. ಇನ್ನೊಬ್ಬ ಎದ್ದ.

ಅಣ್ಣ ಒಳಕೋಣೆಯಿಂದ ಬಂದ. ಮಣ್ಣು ನೋಡಿದ, ಜನ ನೋಡಿದ, ನನ್ನನ್ನು ನೋಡಿದ.

"ಮನೆ ಮಾತು ಬೀದೀಲಿ ಯಾಕೋ? ಒಳಗೆ ಬಾ."

"ಒಳಗೆ ಬಂದ್ರೆ ನೀನು ಕೂತ್ಕೋತೀಯ, ನಾನು ನಿಂತ್ಕೋಬೇಕು. ಇಲ್ಲೇ ಮಾತಾಡೋಣ."

ಈ ಮಾತು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಅಣ್ಣನ ಮುಖ ಕೆಂಪೇರಿತು.

"ನಿನ್ನ ಬಾಯಿಗೆ ಅನ್ನ ಇಟ್ಟೋನು ನಾನು ಕಣೋ!"

"ಹೌದು. ಆ ಅನ್ನ ತಿಂದೇ ಇಷ್ಟು ಜೋರಾಗಿ ಕೂಗ್ತಿರೋದು. ಚೀಟಿ ಕೊಡು ಅಣ್ಣ. ಅಲ್ಲಿ ಡಾಕ್ಟರು ಕಾಯ್ತಿದ್ದಾರೆ."

ಅವನು ಗಿಳಿಯನ್ನು ತಳ್ಳಿ, ಡ್ರಾಯರು ತೆರೆದ. ಅದರಲ್ಲಿ ಒಂದಲ್ಲ, ಏಳೆಂಟು ಚೀಟಿಗಳಿದ್ದವು. ಅವಳದನ್ನು ಹುಡುಕಿ ಕೌಂಟರಿನ ಮೇಲೆ ಎಸೆದ. ಅವಳು ಎತ್ತಿಕೊಂಡು ಓಡಿದಳು. 

"ಇವತ್ತಿಂದ ನಿನ್ನ ದಾರಿ ನಿನಗೆ," ಎಂದ ಅಣ್ಣ.

ಮಾರ್ಚ್ ೧೪

ಒಗೆಯಲು ಕೊಟ್ಟಿದ್ದ ಹೊದಿಕೆಗಳೆಲ್ಲ ಕೊಳೆಯಾಗಿಯೇ ವಾಪಸು ಬಂದವು. ಗಿಳಿ ಗೇಟಿನ ಹೊರಗಿನಿಂದಲೇ ಗಂಟು ಎಸೆದು ಹೋದ. ಗಂಟಿನ ಜೊತೆ ಅಣ್ಣನ ಮಾತು: ಇನ್ನು ಒಬ್ಬ ಗಿರಾಕಿಯನ್ನೂ ನಿಮ್ಮ ಕಡೆ ಕಳಿಸುವುದಿಲ್ಲ.

ಹಿತ್ತಲಿನಲ್ಲಿ ದೊಡ್ಡ ತೊಟ್ಟಿ ಇಟ್ಟುಕೊಂಡು ನಾನೂ ಇವಳೂ ಒಗೆದೆವು. ಒದ್ದೆ ಹೊದಿಕೆ ಹಿಂಡುವುದೆಂದರೆ ಹೆಬ್ಬಾವನ್ನು ಹಿಂಡಿದ ಹಾಗೆ. ಇವಳು ಆ ತುದಿ, ನಾನು ಈ ತುದಿ. ಇವಳು ತಿರುಗಿಸಿದ ಕಡೆಗೇ ನಾನೂ ತಿರುಗಿಸುತ್ತಿದ್ದೆ, ನೀರು ಹೋಗುತ್ತಿರಲಿಲ್ಲ. ಬೈಸಿಕೊಂಡೆ. ಕೊನೆಗೆ ಬಂತು.

ಬಾಯ್ಲರಿನವನ ಕೈ ಹೋಯಿತು, ಜೀವ ಉಳಿಯಿತು. ಅವನ ಹೆಂಡತಿ ಈಗ ಎರಡನೇ ಕೋಣೆಯಲ್ಲಿದ್ದಾಳೆ. ಬೇಡವೆಂದರೂ ಬಂದು ಹೊದಿಕೆ ಹರವಿದಳು.

ಮಾರ್ಚ್ ೨೩

ಮೂರು ಪಟ್ಟು ತೆಗೆದುಕೊಂಡ ಲಾಡ್ಜುಗಳಲ್ಲಿ ಒಂದರ ಮೇಲೂ ಇನ್ನೂ ಏನೂ ಆಗಿಲ್ಲ. ಇಲಾಖೆಗೇ ಹೋಗಿ ಟೇಪಮ್ಮನನ್ನು ಕೇಳಿದೆ. "ಏನಮ್ಮಾ, ನನ್ನ ಗೋಡೆಗೆ ಟೇಪು ಹಿಡಿಯೋಕೆ ಬರುತ್ತೆ, ಮೂಲೆ ಹೋಟೆಲಿಗೆ ಟೇಪು ಉದ್ದ ಸಾಲಲ್ವಾ?"

ಅವಳು ನಗಲಿಲ್ಲ. ಮೊದಲ ಸಲ ನೋಡುತ್ತಿದ್ದೇನೆ, ಕಣ್ಣ ಕೆಳಗೆ ಕಪ್ಪು. "ನಾಲ್ಕು ಸಲ ಹೋಗಿದೀನಿ ಸರ್. ಬಿಲ್ಲು ಕೊಟ್ಟಿಲ್ಲ, ಕೊಟ್ಟಿದ್ದನ್ನೂ ವಾಪಸ್ ತಗೊಂಡಿದ್ದಾರೆ. ಚೀಟಿ ಜೋಪಾನಕ್ಕೆ ಇಟ್ಕೊಂಡಿದ್ವಿ ಅಂತಾರೆ. ಜನ ಅವರವರ ಊರಿಗೆ ಹೋದ್ರು. ಬಾಯ್ಲರಿನವರ ಹೆಂಡತಿಗೆ ಗಂಡನ ಪಕ್ಕ ಬಿಟ್ಟು ಬರೋಕಾಗಲ್ಲ. ನೋಡಿದ್ದೀನಿ ಅಂತ ಬರೆದುಕೊಡೋರು ಒಬ್ಬರು ಬೇಕು."

"ಒಬ್ಬರು ಅಂದ್ರೆ?"

ಅವಳು ಒಂದು ಬಿಳಿ ಹಾಳೆ, ಪೆನ್ನು ನನ್ನ ಕಡೆ ಸರಿಸಿದಳು.

ಸ್ವಂತ ಅಣ್ಣನ ಮೇಲೆ! ಎಂಥ ಹೆಂಗಸು! ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಬಂದೆ.

ಮಾರ್ಚ್ ೨೪

ನಾನು ಮೊದಲಿನಿಂದಲೂ ಹೇಳುತ್ತಲೇ ಬಂದಿದ್ದೇನೆ, ಗೋಡೆಯ ಮೇಲೆ ಬರೆದದ್ದೇ ದರ, ಅದರ ಮೇಲೆ ಒಂದು ಕಾಸೂ ಮುಟ್ಟಬಾರದು ಎಂದು. ಯಾರು ಕೇಳುತ್ತಾರೆ?

ಇವಳಿಗೆ ವಿಷಯ ಹೇಳಿದೆ.  "ನಿಮ್ಮಣ್ಣ ನಿಮಗೆ," ಎಂದು ಅಷ್ಟೇ ಹೇಳಿ ಒಳಗೆ ಹೋದಳು. ಬೇಕಾದಾಗ ಇವಳ ಬಾಯಿಗೆ ಬೀಗ.

ಮಾರ್ಚ್ ೨೬

ಬರೆದುಕೊಟ್ಟೆ. ಕಂಡದ್ದು ಬಿಟ್ಟು ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಗಿಡ ಬೀಳಿಸಿದ್ದನ್ನೂ ಸೇರಿಸಿದೆ.

ಏಪ್ರಿಲ್ ೧೭

ವಿಚಾರಣೆ ಮುಗಿಯಿತು.

ಇಲಾಖೆಯ ಮೇಲಿನ ಮಹಡಿ, ಉದ್ದನೆಯ ಮೇಜು. ಆ ಕಡೆ ಅಣ್ಣ ಮತ್ತು ಅವನ ವಕೀಲ, ಈ ಕಡೆ ನಾನು, ಪಕ್ಕದಲ್ಲಿ ಟೇಪಮ್ಮ, ತುದಿಯಲ್ಲಿ ದೊಡ್ಡ ಅಧಿಕಾರಿ. ಅಣ್ಣ ಸೊರಗಿದ್ದಾನೆ. ಅಂಗಿಯ ಕಾಲರು ದೊಡ್ಡದಾಗಿ ಕಾಣುತ್ತಿತ್ತು. ಅತ್ತಿಗೆಗೆ ಕಣ್ಣಿಲ್ಲವೇ? ಅಂಗಿ ಹೊಲಿಸಬಾರದೇ?

ನಾನು ಹೇಳಬೇಕಾದ್ದನ್ನು ಹೇಳಿದೆ. ವಕೀಲ ಎದ್ದ. ನಯವಾದ ಮನುಷ್ಯ, ಬೆಣ್ಣೆಯಲ್ಲಿ ಕೂದಲು ತೆಗೆಯುವ ಹಾಗೆ ಮಾತು.

"ಸ್ವಾಮಿ, ಇದು ದರದ ವಿಷಯವೇ ಅಲ್ಲ. ಆಸ್ತಿಯ ಹೊಟ್ಟೆಕಿಚ್ಚು. ಅಣ್ಣನ ಹೋಟೆಲು ದೊಡ್ಡದು, ತಮ್ಮನದು ಚಿಕ್ಕದು. ಹಳೇ ದ್ವೇಷದಿಂದ ಕಟ್ಟಿದ ಕಥೆ ಇದು. ಬೇಕಾದರೆ ಅಣ್ಣನನ್ನೇ ಕೇಳಿ."

 ಏಳಲು ಹೋದೆ. ಟೇಪಮ್ಮ ಮೇಜಿನ ಕೆಳಗೆ ನನ್ನ ತೋಳು ಜಗ್ಗಿ ಕೂರಿಸಿದಳು.

ಅಧಿಕಾರಿ ಅಣ್ಣನ ಕಡೆ ತಿರುಗಿದರು. "ಇವರು ನಿಮಗೆ ಏನಾಗಬೇಕು?"

"ತಮ್ಮ."

"ನಿಮ್ಮಿಬ್ಬರ ಮಧ್ಯೆ ಹಳೇ ದ್ವೇಷ ಇದೆಯೇ?"

ವಕೀಲ ತಲೆ ಆಡಿಸುತ್ತಾ ಕಾದ.  ಅಣ್ಣ ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಸಾಕ್ಷಿ ಕಸದ ಬುಟ್ಟಿಗೆ ಹೋಗುತ್ತಿತ್ತು.

"ಇಲ್ಲ," ಎಂದ. "ಅವನು ಸುಳ್ಳು ಹೇಳೋನಲ್ಲ. ಚಿಕ್ಕಂದಿನಿಂದಲೂ ಕೋಪಿಷ್ಠ. ಅಷ್ಟೇ."

ವಕೀಲ ಕುಳಿತುಬಿಟ್ಟ. ಅಧಿಕಾರಿ ಬರೆದುಕೊಂಡರು. ದಂಡ ಬಿತ್ತು. ಹೆಚ್ಚು ತೆಗೆದುಕೊಂಡದ್ದನ್ನು ಪ್ರತಿಯೊಬ್ಬರಿಗೂ ಹಿಂದಿರುಗಿಸಬೇಕು. ಸಂಘದವರು ಸಂಜೆಯೊಳಗೆ ಅವನನ್ನು ಅಧ್ಯಕ್ಷ ಸ್ಥಾನದಿಂದ ಇಳಿಸುತ್ತಾರೆ ಎಂದು ಮೆಟ್ಟಿಲ ಮೇಲೆಯೇ ಮಾತು ನಡೆದಿತ್ತು. ಅವರೇನು ಸಾಚಾಗಳೇ? ಅವರೂ ಮೂರು ಪಟ್ಟು ತಿಂದವರೇ ಅಲ್ಲವೇ? ಮುಂದಿನ ಸಾಕ್ಷಿ ಅವರ ಮೇಲೆ.

ಅಣ್ಣ ನನ್ನ ಮುಖ ನೋಡದೆ ಹೊರಟ. ಕಾರು ತಂದಿರಲಿಲ್ಲ, ಅಥವಾ ಕಳಿಸಿಬಿಟ್ಟಿದ್ದ. ನಮ್ಮಿಬ್ಬರಿಗೂ ಹೋಗಬೇಕಾದ್ದು ಅದೇ ಬೀದಿ. ಅವನು ಮುಂದೆ, ನಾನು ಹಿಂದೆ. ಅವನನ್ನು ದಾಟಿ ಹೋಗುವುದು ನನಗೆ ಆಗಲಿಲ್ಲ. ಕೂಗಿ ಕರೆಯುವುದೂ ಆಗಲಿಲ್ಲ. ನನಗೆ ಅವನ ಮೇಲೆ ಎಷ್ಟು ಕೋಪವಿದೆ ಎಂದರೆ, ಬೈದಿದ್ದರೆ ವಾಸಿ, ಹೊಡೆದಿದ್ದರೆ ಇನ್ನೂ ವಾಸಿ. ಅಲ್ಲಿ ಎಲ್ಲರ ಮುಂದೆ ಹಾಗೆ ಹೇಳಲು ಅವನಿಗೆ ಹೇಳಿದವರು ಯಾರು?

ಒಂದೇ ಒಂದು ಸಲವೂ ಅವನು ತಿರುಗಿ ನೋಡಲಿಲ್ಲ. ಆದರೆ ನಿಧಾನವಾಗಿ ನಡೆದ. ಚಿಕ್ಕಂದಿನಲ್ಲಿ ಅವನ ಹಿಂದೆ ಓಡಿ ಓಡಿ ನನಗೆ ಏದುಸಿರು ಬರುತ್ತಿತ್ತು, ಅಂಥ ಬಿರುಸಿನ ನಡಿಗೆಯವನು. ಇಂದು ಮನೆಯವರೆಗೂ ನಾನು ಒಂದು ಹೆಜ್ಜೆಯನ್ನೂ ಬೀಸಿ ಹಾಕಬೇಕಾಗಲಿಲ್ಲ.